ಒಂದು ಚಾಪೆಯಷ್ಟು ನೆರಳು

ನಮ್ಮ ಮನೆಯ ಕುಡುಗೋಲು ನಮ್ಮ ಮನೆಯಲ್ಲಿಲ್ಲ. ಅದು ಬೀದಿಯ ಕೊನೆಯ ಇನ್ನೊಂದು ಮನೆಯಲ್ಲಿ, ಬಾಗಿಲ ಹಿಂದಿನ ಮೊಳೆಗೆ ತೂಗುಬಿದ್ದಿದೆ. ಬೇಕಾದಾಗ ನಾನು ಅಲ್ಲಿಗೆ ಹೋಗಿ ಕೇಳಬೇಕು. ಕೇಳಿದರೆ ತಕ್ಷಣ ಸಿಗುವುದಿಲ್ಲ. ಮೊದಲು ಮೂರು ಪ್ರಶ್ನೆ. ಯಾಕೆ? ಏನು ಕೊಯ್ಯಕ್ಕೆ? ಯಾವಾಗ ವಾಪಸ್ ತಂದುಕೊಡ್ತೀಯ? ಪತ್ರಿಕೆಯ ಕೆಲಸದಲ್ಲಿ ತಲೆ ನರೆಸಿಕೊಂಡ ನಾನು ಊರವರನ್ನೆಲ್ಲ ಕೇಳುತ್ತ ಬಂದದ್ದು ಇಂಥವೇ ಪ್ರಶ್ನೆಗಳನ್ನು. ಉತ್ತರ ಕೊಡುವ ಕಡೆ ನಿಂತರೆ ಹೇಗಿರುತ್ತದೆಂಬುದು ಈಗ ತಿಳಿಯುತ್ತಿದೆ. ಮೊನ್ನೆ ಹಿತ್ತಲಿನ ಒಂದು ಬಾಳೆ ಎಲೆಗಾಗಿ ಮೂರಕ್ಕೂ ನೇರವಾದ ಉತ್ತರ ಕೊಟ್ಟು ಕುಡುಗೋಲು ತಂದೆ.

ಅದು ಅಮ್ಮ ಕೊಟ್ಟದ್ದು. ಮದುವೆಯಾಗಿ ಮೇಲೂರಿನಿಂದ ಶಿಡ್ಲಘಟ್ಟಕ್ಕೆ ಬರುವಾಗ ಪಾತ್ರೆಗಳ ಚೀಲದ ತಳದಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಇಟ್ಟಿದ್ದಳು. "ಪೇಟೇಲಿ ನಾನೇನು ಕೊಯ್ಲಿ ಅಮ್ಮ?" ಎಂದರೆ, "ಇಟ್ಕೊ ಕಣೇ. ಕೈಗೆ ಒಂದು ಬೇಕಾಗ್ತದೆ" ಎಂದಳು. ಮೇಲೂರು ಶಿಡ್ಲಘಟ್ಟಕ್ಕೆ ದೂರವೇನಲ್ಲ. ಆದರೆ ಅಮ್ಮನ ಲೆಕ್ಕದಲ್ಲಿ ಬಸ್ಸು ಹತ್ತಬೇಕಾದ ಊರೆಲ್ಲ ಪರದೇಶ.

ಮೇಲೂರಿನ ನಮ್ಮ ಮನೆಯಲ್ಲಿ ಜನರಿಗಿಂತ ಹುಳುಗಳಿಗೆ ಹೆಚ್ಚು ಜಾಗವಿತ್ತು. ಗಾಳಿ ಬರುವ ನಡುಮನೆ ರೇಷ್ಮೆಹುಳುಗಳದ್ದು, ಅಡುಗೆಮನೆಯ ಪಕ್ಕದ ಮೂಲೆ ನಮ್ಮದು. ಹುಳು ಮನೆಯಲ್ಲಿರುವಷ್ಟು ದಿನ ಜೋರಾದ ಒಗ್ಗರಣೆ ಇಲ್ಲ, ಮುಖಕ್ಕೆ ಪೌಡರ್ ಇಲ್ಲ, ದೇವರಿಗೂ ಊದುಬತ್ತಿ ಇಲ್ಲ. ಈ ಹುಳು ತನ್ನ ಪುಟ್ಟ ಆಯುಸ್ಸಿನಲ್ಲಿ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ ಮಲಗಿ, ಹಳೆಯ ಚರ್ಮ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವು ಹೇಳತೀರದು. ಆಗ ಮನೆಯ ಮಕ್ಕಳೂ ಹಿಪ್ಪುನೇರಳೆ ಸೊಪ್ಪು ತರಲು ತೋಟಕ್ಕಿಳಿಯಬೇಕು. ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಸ್ವಂತ ಕೈಯಿಂದ ರಜಾ ಅರ್ಜಿ ಬರೆದೆ: "ನಮ್ಮ ಮನೆಯಲ್ಲಿ ಎಲ್ಲ ನಾಲ್ಕನೇ ಜ್ವರ ಎದ್ದಿರುವುದರಿಂದ ನಾನು ಮೂರು ದಿನ ಶಾಲೆಗೆ ಬರಲಾಗುವುದಿಲ್ಲ." ಮೇಷ್ಟ್ರು ಹೊಸದಾಗಿ ಬೇರೆ ಸೀಮೆಯಿಂದ ಬಂದವರು. ಸಂಜೆಗೆ ಆಸ್ಪತ್ರೆಯ ನರ್ಸಮ್ಮ ಮಾತ್ರೆಯ ಡಬ್ಬಿ ಹಿಡಿದು ನಮ್ಮ ಮನೆ ಬಾಗಿಲಿಗೆ ಬಂದರು. ಅಪ್ಪ ಅವರನ್ನು ನಡುಮನೆಗೆ ಕರೆದು, "ಇವ್ರೇ ಕಣಮ್ಮ ರೋಗಿಗಳು" ಎಂದು ತಟ್ಟೆಗಳನ್ನು ತೋರಿಸಿದ. ನನ್ನ ಮೊದಲ ವರದಿ ಎಂದರೆ ಅದೇ. ಬರೆದದ್ದೆಲ್ಲ ನಿಜ, ಓದಿದವರಿಗೆ ತಿಳಿದದ್ದು ಮಾತ್ರ ಬೇರೆ.

ಹಿಪ್ಪುನೇರಳೆ ಕಡಿಯುವುದನ್ನು ಕಲಿಸಿದವಳು ಅಮ್ಮ. ನೆಲದಿಂದ ಒಂದು ಗೇಣು ಬಿಡಬೇಕು. ಕುಡುಗೋಲು ಓರೆಯಾಗಿ ಹಿಡಿಯಬೇಕು. ಒಂದೇ ಎಳೆತ, ಎರಡನೆಯದು ಬಿದ್ದರೆ ಕಡ್ಡಿ ಸೀಳುತ್ತದೆ, ಸೀಳಿದ ಕಡ್ಡಿ ಕೊಳೆಯುತ್ತದೆ. ನಾನು ಒಂದು ಸಾಲು ಮುಗಿಸಿದ ಮೇಲೆ ಆಕೆ ಹಿಂದಿನಿಂದ ಬಂದು ಪ್ರತಿ ಬುಡದ ಮೇಲೂ ಹೆಬ್ಬೆರಳಾಡಿಸಿ ನೋಡುತ್ತಿದ್ದಳು. ನನ್ನ ಬರಹವನ್ನು ಮುಂದೆ ತಿದ್ದಿದ ಯಾವ ಸಂಪಾದಕರೂ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ. ಇನ್ನೊಂದು ಮಾತನ್ನೂ ಆಗ ಕಲಿತೆ. ಯಾರದಾದರೂ ತೋಟದಲ್ಲಿ ಹಿಪ್ಪುನೇರಳೆ ಆಳೆತ್ತರ ಬೆಳೆದು ನಿಂತಿದ್ದರೆ ಅಮ್ಮ ದಾರಿಯಲ್ಲೇ ಮುಖ ಸಿಂಡರಿಸುತ್ತಿದ್ದಳು. "ನೋಡು, ಹೆಂಗೆ ಬಿಟ್ಟವ್ರೆ. ಸೋಂಬೇರಿಗಳು." ನಮ್ಮವರ ಕಣ್ಣಿಗೆ ಬೆಳೆದು ನಿಂತ ಹಿಪ್ಪುನೇರಳೆ ಗಿಡವಲ್ಲ, ಆ ಮನೆಯವರ ಮೇಲಿನ ದೂರು.

ಇದನ್ನೆಲ್ಲ ಹೇಳಲು ಕಾರಣವಿದೆ.

ಶಿಡ್ಲಘಟ್ಟದ ನಮ್ಮ ಬೀದಿ ತಿರುಗುವಲ್ಲಿ ಒಂದು ಮೂರು ಮೂಲೆಯ ಜಾಗವಿದೆ. ಬಡಾವಣೆ ಮಾಡಿದಾಗ ಎರಡು ರಸ್ತೆಗಳ ನಡುವೆ ಉಳಿದುಹೋದದ್ದು. ಮೂರು ಮೂಲೆ ಆಗಿಬರುವುದಿಲ್ಲವೆಂದು ಯಾರೂ ಅದರ ತಂಟೆಗೆ ಹೋಗಲಿಲ್ಲ. ಮನೆ ಕಟ್ಟಲು ಆಗಿಬರದ ಜಾಗ ಕಸ ಎಸೆಯಲು ಎಲ್ಲರಿಗೂ ಆಗಿಬಂತು. ಒಡೆದ ಗಡಿಗೆ, ಕೆಟ್ಟ ರೇಷ್ಮೆಗೂಡು, ಹರಿದ ಹಾಸಿಗೆಯ ಹತ್ತಿ. ಪ್ಲಾಸ್ಟಿಕ್ಕಿನವು ಬಂದ ಮೇಲೆ ಬೇಡವಾದ ಬಿದಿರಿನ ಚಂದ್ರಿಕೆಗಳು. ಚಂದ್ರಿಕೆ ಎಂದರೆ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಅಗಲವಾದ ತಟ್ಟಿ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಚಕ್ಕುಲಿಯಂತೆ ಸುತ್ತಿ ಕಟ್ಟಿರುತ್ತಾರೆ. ಹುಳು ಹಣ್ಣಾಗುವುದೆಂದರೆ ಮೇಯುವುದು ನಿಲ್ಲಿಸಿ ನೂಲಲು ಸಿದ್ಧವಾಗುವುದು. ಅಂಥ ಚಂದ್ರಿಕೆಗಳ ಮೇಲೆ ನಾಯಿಗಳು ಮಲಗುತ್ತಿದ್ದವು.

ನಾನು ಚಿಕ್ಕಬಳ್ಳಾಪುರದ ಒಂದು ಸಣ್ಣ ದಿನಪತ್ರಿಕೆಯಲ್ಲಿ ಉಪಸಂಪಾದಕಿ. ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಬಸ್ಸಿಗೆ ನಡೆಯುವ ದಾರಿಯಲ್ಲಿ ಮೂಗು ಮುಚ್ಚಿಕೊಂಡು ದಾಟಬೇಕಿದ್ದ ಈ ಜಾಗದ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಬೇರೆ ಬೇರೆ ವರ್ಷಗಳಲ್ಲಿ ಮೂರು ಸಲ ಸುದ್ದಿ ಬಂದಿದೆ. ಮೂರಕ್ಕೂ ನಾನು ಕೊಟ್ಟ ಶೀರ್ಷಿಕೆ ಒಂದೇ: "ಪಾಳುಬಿದ್ದ ಜಾಗ: ಕೇಳುವವರಿಲ್ಲ." ಮೂರನೆಯದು ಬಂದ ಮರುವಾರ ಕಸದ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಬಂದು ನನ್ನನ್ನು ಕರೆಸಿದ. ಕೋಲಿನಿಂದ ಗುಡ್ಡೆ ಕೆದಕಿ ಒಂದು ಪೊಟ್ಟಣ ಎತ್ತಿದ. ಒಳಗೆ ಹುರುಳಿಕಾಯಿ ನಾರು. ಹೊರಗೆ ನಮ್ಮ ಪತ್ರಿಕೆ. ಅಂಚಿನಲ್ಲಿ ಕಚೇರಿಯವರು ಸೀಸದಕಡ್ಡಿಯಲ್ಲಿ ಬರೆದ ನನ್ನ ಹೆಸರು.

"ಮೇಡಂ, ಕೇಳೋರಿಲ್ಲ ಅಂತ ಬರ್ದಿದೀರಿ. ಈಗ ನಾನು ಕೇಳ್ತಾ ಇದೀನಿ. ಇದು ಯಾರ್ದು?"

ಸುದ್ದಿಮನೆಯಲ್ಲಿ ನಾನು ಹೊಸಬರಿಗೆ ಮೊದಲು ಹೇಳುವ ಪಾಠ, ವರದಿಗಾರ ಸುದ್ದಿಯೊಳಗೆ ಇರಬಾರದು ಎಂಬುದು. ನಾನಾದರೋ ಸುದ್ದಿಯ ಹೊರಗೂ ಒಳಗೂ ಸುತ್ತಿಕೊಂಡಿದ್ದೆ. ಹುರುಳಿಕಾಯಿ ನಾರಿನ ಸಮೇತ.

ಆ ಭಾನುವಾರ ನಮ್ಮ ಬೀದಿಯವರು ಜಾಗಕ್ಕಿಳಿದೆವು. ಮುಂದಾಳು ರಹಮತ್ ಸಾಬರು. ಗೂಡು ಬೇಯಿಸಿ ನೂಲು ತೆಗೆಯುವ ರೀಲಿಂಗ್ ಘಟಕವನ್ನು ತಂದೆಯ ಕಾಲದಿಂದ ನಡೆಸಿ, ಈಗ ಮಗನಿಗೆ ಬಿಟ್ಟುಕೊಟ್ಟು ಮನೆಯ ಮುಂದೆ ಕುರ್ಚಿ ಹಾಕಿಕೊಂಡಿರುವವರು. ಜಾಗದಲ್ಲಿ ಗಿಡ ನೆಡಬಹುದೇ ಎಂದು ಅವರ ಅಂದವಾದ ಉರ್ದು ರುಜುವಿನೊಂದಿಗೆ ನಗರಸಭೆಗೆ ಅರ್ಜಿ ಕೊಟ್ಟೆವು. ಗಿಡ ನೆಡಬಹುದು, ಚಾವಣಿ ಹಾಕುವಂತಿಲ್ಲ, ಗೋಡೆ ಕಟ್ಟುವಂತಿಲ್ಲ ಎಂದು ಉತ್ತರ ಬಂತು. ಸಾಬರು ತಮ್ಮ ಹಳೆಯ ಘಟಕದ ಎರಡು ಕಲ್ಲು ಚಪ್ಪಡಿ ತರಿಸಿ ಬೆಂಚು ಮಾಡಿಸಿದರು. ನಮ್ಮ ಮನೆಯವರು, ಅಂದರೆ ನನ್ನ ಪತಿ, ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು, ಮೂರು ಮೂಲೆಯ ಕ್ಷೇತ್ರಫಲ ತೆಗೆದು ಎಲ್ಲಿ ಏನಿರಬೇಕೆಂದು ನಕ್ಷೆ ಬರೆದರು. ಚಿಂತಾಮಣಿ ರಸ್ತೆಯ ನರ್ಸರಿಯಿಂದ ಹೊಂಗೆ, ಬೇವು, ಬಾದಾಮಿ ಸಸಿಗಳು ಬಂದವು. ಹೊಂಗೆಯನ್ನು ಮೇಕೆ ತಿಂದಿತು. ಬೇವನ್ನು ದನ ತುಳಿಯಿತು. ಬಾದಾಮಿ ಉಳಿಯಿತು, ಆದರೆ ಮೊಣಕಾಲ ಮೇಲೆ ಬೆಳೆಯುವ ಮನಸ್ಸು ಮಾಡಲಿಲ್ಲ.

ನಾವು ಯಾರೂ ನೆಡದ ಒಂದು ಗಿಡ ಮಾತ್ರ ಚೆನ್ನಾಗಿ ಬೆಳೆದಿತ್ತು. ಯಾರೋ ಎಂದೋ ಎಸೆದ ಕಡ್ಡಿ ತಿಪ್ಪೆಯಲ್ಲಿ ಬೇರು ಬಿಟ್ಟು, ಹಲವು ಕವಲಾಗಿ, ತಲೆಗಿಂತ ಎತ್ತರಕ್ಕೆ ಏರಿ, ಕಲ್ಲಿನ ಬೆಂಚಿನ ಮೇಲೆ ಬಾಗಿತ್ತು. ಹಿಪ್ಪುನೇರಳೆ. ಕಸ ತೆಗೆದ ಮೇಲೂ ಅದು ನಮ್ಮ ಲೆಕ್ಕಕ್ಕೆ ಬರಲಿಲ್ಲ. ನಮ್ಮ ಮನೆಯವರ ನಕ್ಷೆಯಲ್ಲೂ ಅದಿರಲಿಲ್ಲ.

ಅದನ್ನು ಲೆಕ್ಕಕ್ಕೆ ತೆಗೆದುಕೊಂಡವರು ಒಬ್ಬರೇ, ಅಕ್ಕಯಮ್ಮ. ಬೀದಿಯ ಕೊನೆಯ ಶೀಟಿನ ಮನೆಯಲ್ಲಿ ಒಬ್ಬರೇ ಇರುತ್ತಾರೆ. ರಹಮತ್ ಸಾಬರ ತಂದೆಯ ಕಾಲದಿಂದ ಅವರ ಘಟಕದಲ್ಲಿ ನೂಲು ತೆಗೆದವರು; ಸಾಬರಿಗೆ ಎಪ್ಪತ್ತಾದರೂ ಅಕ್ಕಯಮ್ಮನ ಬಾಯಲ್ಲಿ "ಚಿನ್ನ ಸಾಬು", ಚಿಕ್ಕ ಸಾಬ. ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹಿಡಿದು ಹಿಡಿದು ಅವರ ಬೆರಳ ತುದಿಯ ಗೆರೆಗಳೆಲ್ಲ ಅಳಿಸಿಹೋಗಿವೆ. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಂದೇ ಸಲಕ್ಕೆ ಒಪ್ಪಿಕೊಂಡ ದಿನವಿಲ್ಲ. ಬೇಸಿಗೆಯ ಮಧ್ಯಾಹ್ನ ಶೀಟಿನ ಮನೆ ಒಲೆಯಂತಾಗುತ್ತದೆ. ಹಿಂದಿನ ವರ್ಷ ಒಮ್ಮೆ ಒಳಗೇ ತಲೆ ತಿರುಗಿ ಬಿದ್ದಿದ್ದರು. ಗೌರಿಬಿದನೂರಿನಲ್ಲಿ ಹೊಲಿಗೆ ಕೆಲಸ ಮಾಡುವ ಮಗಳು ಮಂಜುಳ, ಬಂದು ತನ್ನ ಜೊತೆ ಇರು ಎಂದು ಆಗಿನಿಂದ ಹಟ ಹಿಡಿದಿದ್ದಳು. ಅಕ್ಕಯಮ್ಮ ಒಪ್ಪುತ್ತಿರಲಿಲ್ಲ. ಜಾಗ ಚೊಕ್ಕಟವಾದ ಮೇಲೆ ದಿನಾ ಹನ್ನೆರಡಕ್ಕೆ ಚಾಪೆ ತಂದು ಆ ಗಿಡದ ಕೆಳಗೆ ಹಾಸಿ, ಬಿಸಿಲು ಇಳಿಯುವ ತನಕ ಅಲ್ಲೇ ಇರುತ್ತಿದ್ದರು. ಮಗಳು ಫೋನ್ ಮಾಡಿದರೆ, "ನಂಗೆ ನೆರಳು ಸಿಕ್ಕೈತೆ ಬಿಡೇ" ಎನ್ನುತ್ತಿದ್ದರಂತೆ.

ಇದೆಲ್ಲ ನನಗೆ ಆಗ ಗೊತ್ತಿತ್ತು ಎಂದು ಹೇಳಲಾರೆ. ಹನ್ನೆರಡರಿಂದ ನಾಲ್ಕರವರೆಗೆ ನಾನು ಚಿಕ್ಕಬಳ್ಳಾಪುರದಲ್ಲಿ ಬೇರೆಯವರ ಬರಹದ ತಪ್ಪು ಹುಡುಕುತ್ತಿರುತ್ತೇನೆ.

ಶಿವರಾತ್ರಿ ಮುಗಿದ ಮೇಲಿನ ಒಂದು ಭಾನುವಾರ ವಾರ್ಡಿನ ಸದಸ್ಯರು ಬಂದು ಜಾಗವನ್ನು ನೋಡುತ್ತೇನೆಂದರು. ಹಿಂದಿನ ದಿನವೇ ನಾನು ಒಂದು ಪುಟ್ಟ ಸುದ್ದಿ ಬರೆದು ಪುಟಕ್ಕೆ ಸೇರಿಸಿದ್ದೆ. ಬೆಳಿಗ್ಗೆ ಪತ್ರಿಕೆ ಬಂತು. "ತಿಪ್ಪೆ ಇದ್ದಲ್ಲಿ ಈಗ ತಂಪು ನೆರಳು." ಶೀರ್ಷಿಕೆ ನನ್ನದೇ. ಕೆಟ್ಟದ್ದೇನಲ್ಲ ಎಂದುಕೊಂಡು, ಅತಿಥಿ ಬರುವ ಮುಂಚೆ ಜಾಗವನ್ನು ಇನ್ನೊಂದು ಸಲ ಓರಣ ಮಾಡೋಣವೆಂದು ಕುಡುಗೋಲು ಹಿಡಿದು ಹೊರಟೆ.

ಅಂಚಿನ ಹುಲ್ಲು ಕೊಯ್ದೆ. ಪಾರ್ಥೇನಿಯಂ ಕಿತ್ತೆ. ತಲೆಯೆತ್ತಿ ನೋಡಿದರೆ ಬೆಂಚಿನ ಮೇಲೆ ಹಿಪ್ಪುನೇರಳೆ ಕೆದರಿಕೊಂಡು ನಿಂತಿದೆ. ಯಾರ ಮನೆಯದೋ ಸೋಮಾರಿತನದಂತೆ. ಬರುವವರು ಏನಂದುಕೊಳ್ಳುತ್ತಾರೆ?

"ಅದನ್ನೂ ಕಡೀಬೇಕಾ?" ಎಂದರು ನಮ್ಮ ಮನೆಯವರು. ಅವರು ತುಮಕೂರಿನ ಕಡೆಯವರು, ತೆಂಗಿನ ಸೀಮೆ.

"ನಿಮಗೇನ್ರೀ ಗೊತ್ತು ರೇಷ್ಮೆ ವಿಷಯ?" ಎಂದೆ.

ಬುಡಕ್ಕೆ ಕೂತೆ. ಒಂದು ಗೇಣು ಬಿಟ್ಟೆ. ಕುಡುಗೋಲು ಓರೆ ಹಿಡಿದೆ. ಒಂದು ಕವಲಿಗೆ ಒಂದೇ ಎಳೆತ. ಎಷ್ಟು ವರ್ಷಗಳ ಮೇಲೆ ಮಾಡಿದರೂ ಒಂದು ಕಡ್ಡಿಯೂ ಸೀಳಲಿಲ್ಲ. ಮನಸ್ಸಿಗೆ ಎಂಥ ಸಂತೋಷವಾಯಿತೆಂದರೆ, ಅಮ್ಮ ಹಿಂದಿನಿಂದ ಹೆಬ್ಬೆರಳಾಡಿಸಿ ನೋಡಲಿ ಎನ್ನಿಸಿತು. ಸುತ್ತ ಬೀದಿಯ ಏಳೆಂಟು ಜನ ನಿಂತಿದ್ದರು, ಎಲ್ಲರೂ ಒಂದಲ್ಲ ಒಂದು ರೀತಿ ರೇಷ್ಮೆಯವರೇ. ಯಾರೂ ತಡೆಯಲಿಲ್ಲ. ರಹಮತ್ ಸಾಬರು ಕುರ್ಚಿಯಿಂದೆದ್ದು ಬಂದು ಬುಡ ನೋಡಿ, "ಮಾಷಾ ಅಲ್ಲಾ! ಕೈ ಮರ್ತಿಲ್ಲ ಮೇಡಂ, ನಿಮ್ದು" ಎಂದರು. ಸದಸ್ಯರು ಹತ್ತು ಗಂಟೆಗೆ ಬಂದರು. ಅವರ ಮನೆಯಲ್ಲೂ ಹುಳು ಸಾಕುತ್ತಿದ್ದರಂತೆ. "ಕಟಾವು ಚೆನ್ನಾಗಿದೆ" ಎಂದು ಮೆಚ್ಚಿ, ಪಾನಕ ಕುಡಿದು ಹೋದರು. ನೋಡಿದವರಿಗೆಲ್ಲ ಕಂಡದ್ದು ಚೆನ್ನಾಗಿ ಕಡಿದ ಬುಡ. ಮೇಲೆ ಏನಿತ್ತು, ಏನು ಹೋಯಿತು ಎಂದು ಯಾರ ಕಣ್ಣಿಗೂ ಬೀಳಲಿಲ್ಲ.

ಅಕ್ಕಯಮ್ಮ ಅಂದು ಬೆಳಿಗ್ಗೆ ಮೇಲೂರಿಗೆ ಯಾರದೋ ನಾಮಕರಣಕ್ಕೆ ಹೋಗಿದ್ದರು. ಎರಡು ಗಂಟೆಯ ಬಿಸಿಲಲ್ಲಿ ತಾಂಬೂಲದ ಚೀಲ ಹಿಡಿದು ಬಂದು, ಮನೆಯಿಂದ ಚಾಪೆ ತೆಗೆದುಕೊಂಡು, ಬೆಂಚಿನ ಹತ್ತಿರ ಬಂದು ನಿಂತುಬಿಟ್ಟರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವರು ಕೆಳಗೆ ಬುಡ ನೋಡಲಿಲ್ಲ, ಮೇಲೆ ನೋಡಿದರು. ಆಮೇಲೆ ಗಟ್ಟಿಯಾಗಿ ತೆಲುಗಿನಲ್ಲಿ ಕೇಳಿದರು:

"ನಾ ನೀಡ ಏದಿ?"

ನನ್ನ ನೆರಳೆಲ್ಲಿ?

ಬೇಸರವಾದರೆ, ಸಂಕಟವಾದರೆ ಅವರ ಮಾತು ತೆಲುಗಿಗೆ ಹೊರಳುತ್ತದೆ. ನಾನು ಹೊರಗೆ ಬಂದೆ. "ನಾನೇ ಅಕ್ಕಯಮ್ಮ, ಸ್ವಲ್ಪ ಕ್ಲೀನ್ ಮಾಡೋಣ ಅಂತ..." ಎಂದೆ.

"ಏಮಮ್ಮಾ ಪೇಪರಮ್ಮಾ," ಎಂದರು. ಬೀದಿಯಲ್ಲಿ ನನ್ನ ಹೆಸರು ಅದೇ. "ಬೆಳಿಗ್ಗೆ ಬಸ್‌ಸ್ಟಾಂಡಾಗೆ ಯಾರೋ ನಿಮ್ ಪೇಪರ್ ಓದ್ತಿದ್ರು. ನಮ್ ಬೀದಿ ಬಂದೈತೆ, ತಂಪು ನೆರಳು ಅಂತ ಹಾಕವ್ರೆ ಅಂದ್ರು. ಆ ಪೇಪರ್ ಕೊಡು. ಅದರೊಳಗೇ ಹೋಗಿ ಮಲಗ್ತೀನಿ."

ಒಳಗೆ ಬಂದರೆ ನಮ್ಮ ಮನೆಯವರು ಊಟದ ಮೇಜಿನ ಮೇಲಿನ ಪತ್ರಿಕೆ ಎತ್ತಿ, ಮೊದಲ ಸಲ ನೋಡುತ್ತಿರುವವರಂತೆ ಶೀರ್ಷಿಕೆಯನ್ನು ಒಂದೊಂದೇ ಪದವಾಗಿ ಓದಿದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ನನ್ನ ಮೇಲೆ ತೀರಿಸಿಕೊಂಡ ಸೇಡು ಅಷ್ಟೇ. ಸಾಕಾಗುವಷ್ಟಿತ್ತು.

ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ತಿದ್ದುಪಡಿ ಹಾಕುವುದು ನನ್ನ ಕೆಲಸ. ಊರಿನ ಹೆಸರು ತಪ್ಪಿದರೆ, ಫೋಟೋ ಅದಲುಬದಲಾದರೆ, ಎರಡು ಸಾಲಿನ ವಿಷಾದ. ಮರುದಿನ ಮೇಜಿನ ಮುಂದೆ ಕೂತು ಬರೆದೂ ಬರೆದೆ: "ನಿನ್ನೆಯ ಸಂಚಿಕೆಯಲ್ಲಿ ನೆರಳು ಎಂದಿರುವುದನ್ನು ಬಿಸಿಲು ಎಂದು ಓದಿಕೊಳ್ಳಬೇಕು." ಅಳಿಸಿದೆ.

ಯುಗಾದಿಯ ಹೊತ್ತಿಗೆ ಬಿಸಿಲು ಏರಿತು. ಅಕ್ಕಯಮ್ಮ ಬೆಂಚಿಗೆ ಬರುವುದನ್ನು ಬಿಟ್ಟರು. ಒಂದು ಮಧ್ಯಾಹ್ನ ಮನೆಯೊಳಗೆ ಮತ್ತೆ ತಲೆ ತಿರುಗಿ ಬಿದ್ದರು. ಹಣೆಗೆ ಪೆಟ್ಟಾಯಿತು. ಮಂಜುಳ ಬಂದಳು, ಎರಡು ಚೀಲಕ್ಕೆ ಬಟ್ಟೆ ತುಂಬಿದಳು, ತಾಯಿಯನ್ನು ಗೌರಿಬಿದನೂರಿಗೆ ಕರೆದುಕೊಂಡು ಹೋದಳು. ಆಟೋ ಮೂರು ಮೂಲೆಯಲ್ಲಿ ತಿರುಗುವಾಗ ಅಕ್ಕಯಮ್ಮ ಆ ಕಡೆ ಮುಖ ಮಾಡಲಿಲ್ಲ.

ಬುಡ ಮಾತ್ರ ಚಿಗುರುತ್ತಿತ್ತು. ಹಿಪ್ಪುನೇರಳೆಗೆ ಸಿಟ್ಟು ಗೊತ್ತಿಲ್ಲ. ಕಡಿದ ಹತ್ತು ದಿನಕ್ಕೆ ಕಣ್ಣು ಬಿಟ್ಟಿತು, ತಿಂಗಳಿಗೆ ಮೊಳದುದ್ದ ಬಂತು.

ಮೊದಲ ಮಳೆ ಬಿದ್ದ ಮೇಲೆ ನಾನು ಗೌರಿಬಿದನೂರಿಗೆ ಹೋದೆ. ವಿದುರಾಶ್ವತ್ಥದಲ್ಲಿ ಒಂದು ಕಾರ್ಯಕ್ರಮವಿತ್ತು, ದಾರಿಯಲ್ಲೇ ಎಂದು ಮನೆಯಲ್ಲಿ ಹೇಳಿದೆ. ಕಾರ್ಯಕ್ರಮವೇನೂ ಇರಲಿಲ್ಲ. ಮಂಜುಳಳ ಮನೆ ಎರಡನೇ ಮಹಡಿಯಲ್ಲಿ. ಅಕ್ಕಯಮ್ಮ ಒಳಗಿರಲಿಲ್ಲ, ಮೆಟ್ಟಿಲ ತಿರುವಿನಲ್ಲಿ, ಗಾಳಿ ಬರುವ ಕಿಂಡಿಯ ಮುಂದೆ, ಚಾಪೆ ಹಾಸಿಕೊಂಡು ಕೂತಿದ್ದರು. ಹತ್ತುವವರು ಇಳಿಯುವವರು ಅವರನ್ನು ದಾಟಿಕೊಂಡು ಹೋಗುತ್ತಿದ್ದರು.

"ಹೆಂಗಿದೀರಿ?" ಎಂದೆ.

"ಫ್ಯಾನ್ ಐತೆ. ಟಿವಿ ಐತೆ. ಮಗಳು ಚೆನ್ನಾಗಿ ನೋಡ್ಕೊಂತಾಳೆ." ಚಾಪೆಯ ಅಂಚು ಸರಿಮಾಡಿಕೊಂಡು, "ಬೈಯಕ್ಕೆ ಒಬ್ರೂ ಇಲ್ಲ ಕಣಮ್ಮ" ಎಂದರು.

"ನನ್ನ ಬೈಯಿರಿ. ಅದಕ್ಕೇ ಬಂದಿದೀನಿ."

ಅವರು ಬೈಯಲಿಲ್ಲ. ಗಿಡ ಎಷ್ಟಾಗಿದೆ ಎಂದು ಕೇಳಿದರು. ಸೊಂಟದುದ್ದ ಎಂದೆ. ಎಷ್ಟು ಕವಲು ಬಿಟ್ಟಿದ್ದೀಯ ಎಂದರು. ಎಲ್ಲವನ್ನೂ ಎಂದೆ.

"ಥೂ, ನಿನ್ನ. ಎಲ್ಲಾ ಬಿಟ್ರೆ ಪೊದೆ ಆಗ್ತದೆ. ಗಟ್ಟಿಯಾದ್ದು ಒಂದು ಇಟ್ಕೊಂಡು ಮಿಕ್ಕಿದ್ದು ಚಿವುಟಬೇಕು. ಆಗ ಮ್ಯಾಕೆ ಹೋಗ್ತದೆ. ನೂಲಿಗೂ ಅಷ್ಟೇ, ಕೊನೆ ಒಂದು ಹಿಡೀಬೇಕು." ಬೈಗುಳ ಕೊನೆಗೂ ಬಂದಿತ್ತು. ನನಗೆ ಸಮಾಧಾನವಾಯಿತು.

ಕೆಲಸ ಮುಗಿಸಿ ಬಂದ ಮಂಜುಳ ನನಗೆ ಕಾಫಿ ಕೊಟ್ಟು, ಎದುರಿಗೆ ಕೂತು ಸ್ಪಷ್ಟವಾಗಿ ಹೇಳಿದಳು: "ನೋಡಿ ಮೇಡಂ, ನಂಗೂ ಅಮ್ಮನ್ನ ಅವ್ಳ ಬೀದಿಯಿಂದ ಕೀಳೋ ಆಸೆ ಇಲ್ಲ. ಮಳೆಗಾಲ, ಚಳಿಗಾಲ ಅಲ್ಲೇ ಇರ್ಲಿ. ಮುಂದಿನ ಬೇಸಿಗೆಗೆ ಬಂದು ನೋಡ್ತೀನಿ. ಮಧ್ಯಾಹ್ನ ಆ ಶೀಟಿನ ಕೆಳಗೇ ಇದ್ರೆ ಮನೆ ಖಾಲಿ ಮಾಡಿಸಿ ಕರ್ಕೊಂಡು ಬರ್ತೀನಿ. ಆಮೇಲೆ ಯಾರೂ ಬೇಡ ಅನ್ನಬಾರ್ದು."

ಒಪ್ಪಿದೆ. ಬೇರೆ ದಾರಿ ಇರಲಿಲ್ಲ. ಆದರೆ ಅಕ್ಕಯಮ್ಮನದೂ ಒಂದು ಷರತ್ತಿತ್ತು.

"ನಾನು ಬರ್ತೀನಿ. ಆ ಕುಡ್ಲು ನನ್ ಮನೇಲಿರ್ಬೇಕು."

ಹೀಗೆ ಅಮ್ಮ ಕೊಟ್ಟ ಕುಡುಗೋಲು ಮನೆ ಬದಲಾಯಿಸಿತು. ಬೀದಿಗೆ ವಾಪಸಾದ ದಿನ ಒಪ್ಪಿಸಿದಾಗ ಅಕ್ಕಯಮ್ಮ ಅದರ ಬಾಯಿಯ ಮೇಲೆ ಗೆರೆಯಿಲ್ಲದ ಹೆಬ್ಬೆರಳಾಡಿಸಿ, "ಒಳ್ಳೇ ಮಾಲು" ಎಂದು ಮೊಳೆಗೆ ಹಾಕಿದರು.

ಮುಂದಿನ ಬೇಸಿಗೆಗೆ ಗಿಡ ಅಷ್ಟು ಬೆಳೆದೀತೆಂದು ನಮಗೆ ಧೈರ್ಯವಿರಲಿಲ್ಲ. ಚಾವಣಿ ಹಾಕುವಂತಿಲ್ಲ. ಹಾಕಿದರೂ ಶೀಟಿನ ಕೆಳಗಿಂದ ಶೀಟಿನ ಕೆಳಗೇ ಕರೆದಂತಾಗುತ್ತದೆ. ಯೋಚಿಸುತ್ತ ಒಂದು ದಿನ ಮೇಲೂರಿನ ನಮ್ಮ ಅಟ್ಟ ನೆನಪಾಯಿತು. ತಮ್ಮ ನಾರಾಯಣಸ್ವಾಮಿಗೆ ಫೋನ್ ಮಾಡಿ ಹಳೆಯ ಚಂದ್ರಿಕೆಗಳು ಇವೆಯೇ ಎಂದು ಕೇಳಿದೆ.

"ಯಾಕಕ್ಕ, ರಿಟೈರಾಗೋ ಕಾಲಕ್ಕೆ ಹುಳ ಮೇಯಿಸ್ತೀಯಾ?"

"ಇಲ್ಲ ಕಣೋ. ಒಬ್ರು ಮಲಗಬೇಕು ಅದರ ಕೆಳಗೆ."

"ಪೇಪರ್‌ನವ್ರ ಮಾತು ಯಾವತ್ತು ಅರ್ಥ ಆಗೈತೆ" ಎಂದು ನಕ್ಕು, ಸಂಜೆಗೆ ಆರು ಚಂದ್ರಿಕೆ ಟೆಂಪೋದಲ್ಲಿ ಕಳಿಸಿದ. ಹೊಗೆಗೆ ಕಪ್ಪಾಗಿದ್ದವು. ಒಂದರ ಪಟ್ಟಿಯ ನಡುವೆ ಯಾವ ಕಾಲದ್ದೋ ಒಂದು ಗೂಡು, ಬಿಡಿಸಲು ಮರೆತದ್ದು, ಹಳದಿ ತಿರುಗಿ ಕೂತಿತ್ತು. ಯಾರೂ ಅದನ್ನು ತೆಗೆಯಲಿಲ್ಲ.

ನಾಲ್ಕು ಬಿದಿರು ಗಳ ನೆಟ್ಟು, ನಮ್ಮ ಮನೆಯವರ ನಕ್ಷೆಯ ಪ್ರಕಾರ ಮಧ್ಯಾಹ್ನದ ಸೂರ್ಯನಿಗೆ ಅಡ್ಡವಾಗಿ ಚಂದ್ರಿಕೆಗಳನ್ನು ಮಲಗಿಸಿ ಕಟ್ಟಿದೆವು. ಕೆಳಗೆ ಚಕ್ಕುಲಿ ಚಕ್ಕುಲಿಯಾದ ನೆರಳು ಬಿತ್ತು. ಅಕ್ಕಯಮ್ಮ ಚಾಪೆ ಹಾಸಿ, ಮಲಗಿ, ಮೇಲೆ ನೋಡಿ ಗಹಗಹಿಸಿ ನಕ್ಕರು.

"ಚಿನ್ನ ಸಾಬೂ, ನೋಡಿಲ್ಲಿ. ನನ್ನೇ ಚಂದ್ರಿಕೆಗೆ ಹಾಕವ್ರೆ! ಹಣ್ಣಾಗಿದೀನಾ, ನೋಡು ಬಾ."

"ಪೂರಾ ಹಣ್ಣಾಗಿದೀಯ ಅಕ್ಕಯಮ್ಮ," ಎಂದರು ಸಾಬರು ಕುರ್ಚಿಯಿಂದಲೇ. "ಗೂಡು ಕಟ್ಟು. ರೇಟು ನಾನು ಹೇಳ್ತೀನಿ."

"ನಿಮ್ಮಪ್ಪನಂಗೇ ಕಮ್ಮಿ ಹೇಳ್ತೀಯ, ಹೋಗು."

ಆದರೆ ಬಿದಿರು ಹಳೆಯದು. ಆಷಾಢದ ಗಾಳಿಗೆ ಎರಡು ಚಂದ್ರಿಕೆ ಹಾರಿ ಸಾಬರ ಮಹಡಿ ಸೇರಿದವು. ಮಳೆಗೆ ಇನ್ನೆರಡು ಕೊಳೆತವು. ಉಳಿದ ಎರಡರ ಸಂದಿಯಿಂದ ಗಿಡದ ತುದಿ ಮೇಲೆ ಹೊರಟಿತು. ನಾವು ಸರದಿಯ ಮೇಲೆ ನೀರು ಹಾಕಿದೆವು. ನೀರು ಹಾಕುವುದಕ್ಕಿಂತ ಕಷ್ಟವಾದದ್ದು ಕೈ ಕಟ್ಟಿಕೊಂಡಿರುವುದು. ಬೀದಿಯಲ್ಲಿ ಹಾದುಹೋಗುವ ಪ್ರತಿಯೊಬ್ಬರ ಕೈಯೂ ಆ ಎಲೆಗಳತ್ತ ತಾನಾಗಿ ಏಳುತ್ತಿತ್ತು. ಒಬ್ಬರು ಕೊನೆಯ ಜ್ವರದ ಹುಳು ಮನೆಯಲ್ಲಿ ಹಸಿದಿವೆ ಎಂದು ತಮ್ಮದೇ ಕುಡುಗೋಲು ಸಮೇತ ಬಂದರು. ಅಕ್ಕಯಮ್ಮ ಚಾಪೆಯಿಂದ ಏಳದೆ, ತೆಲುಗಿನಲ್ಲಿ ಅವರ ಮೂರು ತಲೆಮಾರನ್ನು ವಿಚಾರಿಸಿಕೊಂಡರು. ನಾನು ತಮ್ಮನಿಗೆ ಫೋನ್ ಮಾಡಿ ಅವರಿಗೆ ಮೇಲೂರಿನಿಂದ ಒಂದು ಮೂಟೆ ಸೊಪ್ಪು ಕೊಡಿಸಿದೆ. ತಮ್ಮನೇ ಒಮ್ಮೆ ನೋಡಲು ಬಂದವನು ಗಿಡದ ಮುಂದೆ ನಿಂತು, "ಅಕ್ಕ, ಹಿಂಗೆ ಬಿಡಬಾರ್ದು ಕಣಕ್ಕ, ಅಮ್ಮ ನೋಡಿದ್ರೆ..." ಎಂದು ನಾಚಿಕೆಯಿಂದ ಅತ್ತಿತ್ತ ನೋಡಿದ. ನನಗೂ ಒಳಗೆ ಹಾಗೇ ಆಗುತ್ತಿತ್ತು. ಬೆಳಿಗ್ಗೆ ಬಸ್ಸಿಗೆ ಹೋಗುವಾಗ ಆ ಎತ್ತರ ಕಂಡು ಕೈ ಚುರುಚುರು ಎನ್ನುತ್ತಿತ್ತು. ಕುಡುಗೋಲು ಸರಿಯಾದ ಮನೆಯಲ್ಲಿತ್ತು.

ಮರುವರ್ಷದ ಯುಗಾದಿ ಕಳೆದ ಒಂದು ಭಾನುವಾರ ಮಂಜುಳ ಬಂದಳು. ಹೇಳದೆ ಬಂದಳು, ಒಂದೂವರೆ ಗಂಟೆಗೆ, ರಣಬಿಸಿಲಲ್ಲಿ. ಕೈಯಲ್ಲಿ ಮೂರು ಖಾಲಿ ಚೀಲ. ನಾನು ಕಿಟಕಿಯಿಂದ ಕಂಡು ಹೊರಗೆ ಬಂದೆ. ನೇರವಾಗಿ ಶೀಟಿನ ಮನೆಗೆ ಹೋದಳು. ಬೀಗ ಹಾಕಿತ್ತು. ವಾಪಸ್ ತಿರುಗಿ ಬಂದವಳು ಮೂರು ಮೂಲೆಯಲ್ಲಿ ನಿಂತಳು.

ಆ ಎರಡರಲ್ಲಿ ಉಳಿದಿದ್ದ ಒಂದು ಚಂದ್ರಿಕೆ ಓರೆಯಾಗಿ ನೇತಾಡುತ್ತಿತ್ತು. ಅದರ ಅಗತ್ಯವೇನೂ ಇರಲಿಲ್ಲ. ಹಿಪ್ಪುನೇರಳೆ ಒಂದೇ ಕಾಂಡದಲ್ಲಿ ಮೇಲಕ್ಕೆ ಹೋಗಿ, ಬೆಂಚಿನ ಮೇಲೆ ಕೊಡೆಯಂತೆ ಹರಡಿತ್ತು. ದೊಡ್ಡ ಮರವಲ್ಲ. ನಮ್ಮ ಮನೆಯವರು ಅಳೆದಿದ್ದರು. ಹೊತ್ತು ನೆತ್ತಿಯ ಮೇಲಿದ್ದಾಗ ಸರಿಯಾಗಿ ಒಂದು ಚಾಪೆ, ಅಂಚಿಗೆ ಒಂದು ಗೇಣು ಹೆಚ್ಚು. ಆ ಚಾಪೆಯ ಮೇಲೆ ಅಕ್ಕಯಮ್ಮ ಒಂದು ಕೈ ತಲೆಯ ಕೆಳಗಿಟ್ಟು ನಿದ್ದೆ ಹೋಗಿದ್ದರು. ಸೆರಗಿನ ಮೇಲೆ ನಾಲ್ಕು ಕಪ್ಪು ಹಣ್ಣು ಉದುರಿ ಕಲೆಯಾಗಿತ್ತು.

ಮಂಜುಳ ಸ್ವಲ್ಪ ಹೊತ್ತು ನೋಡಿದಳು. ಚಪ್ಪಲಿ ಬಿಟ್ಟಳು. ಮೂರು ಖಾಲಿ ಚೀಲಗಳನ್ನು ಒಂದರ ಮೇಲೊಂದು ಮಡಿಸಿ, ದಿಂಬು ಮಾಡಿಕೊಂಡು, ತಾಯಿಯ ಪಕ್ಕ ಮಿಕ್ಕಿದ್ದ ಗೇಣು ಜಾಗಕ್ಕೆ ಒತ್ತಿಕೊಂಡು ಮಲಗಿದಳು. ಅರ್ಧ ಮೈ ಬಿಸಿಲಲ್ಲೇ ಇತ್ತು. ನಾನು ಮನೆಯೊಳಕ್ಕೆ ಬಂದೆ.

ಎಚ್ಚರವಾದ ಅಕ್ಕಯಮ್ಮ, "ಯಾವಾಗ ಬಂದ್ಯೇ? ಸರ್ಕೋ, ನೆರಳಿಗೆ ಬಾ" ಎಂದು ತಾವು ಜರುಗಿ ಜಾಗ ಕೊಟ್ಟದ್ದು ನನಗೆ ಕಿಟಕಿಯವರೆಗೆ ಕೇಳಿಸಿತು. ಸಂಜೆ ಮಂಜುಳ ಖಾಲಿ ಚೀಲಗಳೊಂದಿಗೇ ಗೌರಿಬಿದನೂರಿಗೆ ಹೊರಟಳು. ಖಾಲಿ ಎಂದರೆ ತಪ್ಪಾಗುತ್ತದೆ. ಒಂದರಲ್ಲಿ ಹಣ್ಣಿತ್ತು.

ಆ ತಿದ್ದುಪಡಿ ನಮ್ಮ ಪತ್ರಿಕೆಯಲ್ಲಿ ಇವತ್ತಿಗೂ ಬಂದಿಲ್ಲ. ಇನ್ನು ಹಾಕುವುದಿಲ್ಲ. ಸುದ್ದಿ ತಪ್ಪಾಗಿರಲಿಲ್ಲ, ಒಂದು ವರ್ಷ ಮೊದಲೇ ಅಚ್ಚಾಗಿತ್ತು, ಅಷ್ಟೆ.

ಈಗ ಬೆಂಚಿನ ಪಕ್ಕದ ಕಾಲುದಾರಿಯ ಮೇಲೆ ಒಂದು ಕೊಂಬೆ ಎದೆಮಟ್ಟಕ್ಕೆ ಇಳಿದಿದೆ. ಬೇರೆ ಊರಿನಲ್ಲಾಗಿದ್ದರೆ ಯಾರಾದರೂ ಅದನ್ನು ಸವರಿ ಹಾಕುತ್ತಿದ್ದರು. ನಾವು ಬಗ್ಗಿ ಹೋಗುತ್ತೇವೆ. ಬೆಳಿಗ್ಗೆ ಬಸ್ಸಿಗೆ ಓಡುವ ನಾನು, ನಮಾಜಿಗೆ ಹೊರಟ ಸಾಬರು, ಸೊಂಟ ನೋವಿನ ನಮ್ಮ ಮನೆಯವರು, ಎಲ್ಲರೂ ಅಲ್ಲಿ ಒಂದು ಕ್ಷಣ ತಲೆ ಬಗ್ಗಿಸಿ ದಾಟುತ್ತೇವೆ. ಮೊನ್ನೆ ಬಾಳೆ ಎಲೆ ಕೊಯ್ದು ಕುಡುಗೋಲು ವಾಪಸ್ ಕೊಡಲು ಹೋದಾಗಲೂ ಹಾಗೇ ಬಗ್ಗಿದೆ. ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದ ಹುಡುಗಿಯೊಬ್ಬಳು ಹಿಂದಿನಿಂದ ಬರುತ್ತಿದ್ದವಳು ಚಪ್ಪಲಿ ಬಿಟ್ಟು, ಕೈಮುಗಿದು, "ಇಲ್ಲಿ ಯಾವ ದೇವ್ರು ಆಂಟಿ?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಚಾಪೆಯ ಮೇಲಿನಿಂದ ಉತ್ತರ ಬಂತು.

"ಅಕ್ಕಯಮ್ಮ ಅಂತ ಕಣಮ್ಮ. ಕಡ್ಡಿ ಮುಟ್ಟಿದ್ರೆ ಮೈಮೇಲೆ ಬರ್ತಾಳೆ."